ಕೇಳೋ ಜಾಗ ಬೇರೆ, ಕಟ್ಟೋ ಜಾಗ ಬೇರೆ: ಓಪನ್ ಸೋರ್ಸ್‌ನಲ್ಲಿ ಮಾತುಕತೆ ಯಾಕೆ ಎರಡಾಗುತ್ತೆ

ಸಾಗರದ ಕಡೆ ಒಂದು ಕಾಲೇಜು ಲೈಬ್ರೆರಿ ಅಂದ್ಕೊಳ್ಳಿ, ಕೊಹಾ ಅಂತ ಲೈಬ್ರೆರಿ ನಡೆಸೋ ಸಾಫ್ಟ್‌ವೇರ್ ಹಾಕಿದಾರೆ. ಆಷಾಢದ ಮಳೆ, ಕರೆಂಟು ಹೋಯ್ತು, ಯುಪಿಎಸ್ಸೂ ಕೈಕೊಡ್ತು, ಸರ್ವರ್ ಧಡಕ್ಕಂತ ಆಫ್ ಆಯ್ತು. ಮತ್ತೆ ಆನ್ ಮಾಡಿ ನೋಡಿದ್ರೆ ಏನು ಹುಡುಕಿದ್ರೂ ಒಂದು ಪುಸ್ತಕವೂ ಬರ್ತಿಲ್ಲ. ಲೈಬ್ರೆರಿಯನ್ ಮೇಡಂ ಗಾಬರಿಯಾಗಿ ಕೊಹಾದವರಿಗೆ ಬರೆಯೋದು ಎಲ್ಲಿಗೆ ಅಂತ ನೆಟ್‌ನಲ್ಲಿ ನೋಡ್ತಾರೆ, ಅಲ್ಲಿ ಒಂದು ಜನರಲ್ ಮೇಲಿಂಗ್ ಲಿಸ್ಟ್ ಇದೆ, ಅಂದ್ರೆ ಒಂದು ಮೇಲ್ ಹಾಕಿದ್ರೆ ಸೇರಿದವರಿಗೆಲ್ಲ ಹೋಗೋದು, ಕೋಡ್ ಬರೆಯೋ ಡೆವಲಪರ್‌ಗಳಿಗೆ ಕೊಹಾ-ಡೆವೆಲ್ ಅಂತ ಇನ್ನೊಂದು ಲಿಸ್ಟ್ ಇದೆ, ದೋಷ ದಾಖಲಿಸೋಕೆ ಬಗ್‌ಜಿಲ್ಲಾ ಅಂತ ಮತ್ತೊಂದಿದೆ, ಸಾಲದ್ದಕ್ಕೆ ಚಾಟ್ ಬೇರೆ. ಇಷ್ಟರಲ್ಲಿ ಯಾವುದು ಮಾರಾಯ್ರೆ? ಯಾರಿಗಾದ್ರೂ ಮೊದ್ಲು ಅನ್ಸೋದು, ಕೋಡ್ ಬರೆದವರನ್ನೇ ಕೇಳಿಬಿಡೋಣ, ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಅಂತ. ಹಾಗಾಗಿ ಡೆವೆಲ್ ಲಿಸ್ಟಿಗೇ ಒಂದು ಅರ್ಜೆಂಟ್ ಮೇಲ್ ಹೋಗುತ್ತೆ. ಎರಡು ದಿನ ಬಿಟ್ಟು ಯಾರೋ "ದಯವಿಟ್ಟು ಜನರಲ್ ಲಿಸ್ಟಿನಲ್ಲಿ ಕೇಳಿ" ಅಂತ ಒಂದು ಸಾಲು ಬರೀತಾರೆ, ಮೇಡಂಗೆ ಕೆನ್ನೆಗೆ ಹೊಡೆದ ಹಾಗಾಗುತ್ತೆ.

ಆ ಒಂದು ಸಾಲು ಯಾಕೆ ಬಂತು, ಬರೆದವರಿಗೆ ಸೊಕ್ಕಾ ಅಥವಾ ಅದರ ಹಿಂದೆ ಬೇರೆ ಏನಾದ್ರೂ ಲೆಕ್ಕ ಇದೆಯಾ ಅನ್ನೋದನ್ನ ಬಿಡಿಸಿ ಹೇಳೋಣ ಅಂತ ಇಷ್ಟು ಬರೀತಿರೋದು. ಸೊಕ್ಕು ಇರೋರೂ ಇದಾರೆ, ಇಲ್ಲ ಅನ್ನಲ್ಲ. ಆದ್ರೆ ಬಹಳ ಸಲ ಲೆಕ್ಕಾನೇ ಇರೋದು.

ದುಡ್ಡು ಕೊಟ್ಟು ತಗೊಂಡ ಸಾಫ್ಟ್‌ವೇರ್ ಆದ್ರೆ ಕಸ್ಟಮರ್ ಕೇರ್ ಅಂತ ಒಂದಿರುತ್ತೆ, ಅಲ್ಲಿ ಕೂತವರಿಗೆ ಉತ್ತರ ಹೇಳೋದೇ ಕೆಲಸ, ಕೋಡ್ ಬರೆಯೋ ಎಂಜಿನಿಯರ್ ಮುಖ ನಾವು ಯಾವತ್ತೂ ನೋಡಲ್ಲ. ಓಪನ್ ಸೋರ್ಸ್ ಅಂದ್ರೆ ಕೋಡನ್ನ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್, ಅಲ್ಲಿ ಸಾಮಾನ್ಯವಾಗಿ ಆ ಥರ ಮಧ್ಯದಲ್ಲಿ ಕೂತವರು ಇರಲ್ಲ. ಕೊಹಾನೇ ತಗೊಳ್ಳಿ, ಅದು ಹುಟ್ಟಿದ್ದು ನ್ಯೂಜಿಲೆಂಡಿನ ಹೊರೊವೆನುವಾ ಅನ್ನೋ ಕಡೆಯ ಲೈಬ್ರೆರಿ ಟ್ರಸ್ಟ್‌ಗೋಸ್ಕರ. 1999ರಲ್ಲಿ ಅವರ ಹಳೇ ಸಿಸ್ಟಂ ವೈಟುಕೆ, ಅಂದ್ರೆ ಇಸವಿ 2000 ಬಂದಾಗ ತಾರೀಕು ತಪ್ಪೋ ಸಮಸ್ಯೆಗೆ ಸಿಕ್ಕಿ ಕೆಲಸ ನಿಲ್ಲಿಸೋ ಹಾಗಿತ್ತು, ಕಟಿಪೊ ಅನ್ನೋ ಕಂಪನಿಯವರ ಹತ್ರ ಹೊಸದು ಬರೆಸಿದ್ರು, 2000ದ ಜನವರಿಯಲ್ಲಿ ಶುರು ಮಾಡಿ ಯಾರು ಬೇಕಾದ್ರೂ ಬಳಸಿ ತಿದ್ದಬಹುದು ಅನ್ನೋ ಜಿಪಿಎಲ್ ಲೈಸೆನ್ಸಲ್ಲಿ ಎಲ್ಲರಿಗೂ ಬಿಟ್ಟುಕೊಟ್ರು. ಅಂದ್ರೆ ಬೇಕು ಅಂದವರು, ಬರೆದವರು, ಬಳಸಿದವರು ಎಲ್ಲ ಒಂದೇ ಮೇಜಿನ ಸುತ್ತ ಇದ್ರು. ಅವತ್ತು ಎರಡು ಲಿಸ್ಟ್ ಬೇಕು ಅನ್ನೋ ಪ್ರಶ್ನೆನೇ ಏಳಲ್ಲ. ಈಗ ಅದನ್ನ ಪ್ರಪಂಚದ ಎಲ್ಲ ಕಡೆ ಲೈಬ್ರೆರಿಗಳಲ್ಲಿ ಬಳಸ್ತಾರೆ, ನಮ್ಮ ಕಡೆ ಕಾಲೇಜುಗಳಲ್ಲೂ ಇದೆ. ಬಳಸೋರು ಇಷ್ಟು ಬೆಳೆದ್ರೂ ಕೋಡ್ ಮುಟ್ಟೋರ ಸಂಖ್ಯೆ ಅದೇ ಲೆಕ್ಕದಲ್ಲಿ ಬೆಳೆಯಲ್ಲ, ಒಡಕು ಶುರುವಾಗೋದೇ ಅಲ್ಲಿಂದ.

ಈಗ ಮಾತಿನ ಸ್ವಭಾವ ನೋಡಿ. ಬಳಸೋರ ಪ್ರಶ್ನೆಗೆ ಆತುರ ಇರುತ್ತೆ, ಕೌಂಟರ್ ಮುಂದೆ ಹುಡುಗ್ರು ಪುಸ್ತಕ ಹಿಡ್ಕೊಂಡು ನಿಂತಿರ್ತಾರೆ, ಇವತ್ತೇ ಉತ್ತರ ಬೇಕು. ಅದು ಆ ಒಂದು ಊರಿನ ಆ ಒಂದು ಸರ್ವರ್‌ದು. ಉತ್ತರ ಸಿಕ್ಕಿದ ಕೂಡ್ಲೇ ಮುಗೀತು, ಥ್ಯಾಂಕ್ಸ್ ಹೇಳಿ ಎದ್ದು ಹೋಗಬಹುದು. ಇನ್ನೊಂದು, ಅದೇ ಪ್ರಶ್ನೆಯನ್ನ ಹೋದ ತಿಂಗಳು ಬೇರೆ ಯಾರೋ ಕೇಳಿರ್ತಾರೆ, ಮುಂದಿನ ತಿಂಗಳು ಮತ್ತೊಬ್ಬರು ಕೇಳ್ತಾರೆ. ಡೆವಲಪರ್‌ಗಳ ಮಾತು ಇದಕ್ಕೆ ತದ್ವಿರುದ್ಧ. ಒಂದು ಪ್ಯಾಚ್ ಅಂದ್ರೆ ಕೋಡಿನಲ್ಲಿ ಯಾವ ಸಾಲು ತೆಗೆದೆ, ಯಾವ ಸಾಲು ಹಾಕಿದೆ ಅನ್ನೋ ಪಟ್ಟಿ, ಅದನ್ನ ಒಬ್ಬರು ಕಳಿಸ್ತಾರೆ, ಇನ್ನೊಬ್ಬರು ಸಾಲು ಸಾಲಾಗಿ ಓದಿ ಇಲ್ಲಿ ಹೀಗಾದ್ರೆ ಏನ್ ಮಾಡ್ತೀಯ ಅಂತ ಕೇಳ್ತಾರೆ, ಅವರು ತಿದ್ದಿ ಎರಡನೇ ಸಲ ಕಳಿಸ್ತಾರೆ, ಮೂರನೇ ಸಲ ಕಳಿಸ್ತಾರೆ, ಈ ನಡುವೆ ವಾರಗಳೇ ಉರುಳಿರುತ್ತೆ, ಮತ್ತೆ ಮೊದಲನೇ ಮೇಲ್‌ನಲ್ಲಿ ಯಾರು ಏನು ಆಕ್ಷೇಪ ಎತ್ತಿದ್ರು ಅನ್ನೋದು ತಲೆಯಲ್ಲಿ ಇರ್ಲೇಬೇಕು. ಐದು ವರ್ಷ ಬಿಟ್ಟು ಈ ಸಾಲು ಯಾಕಿದೆ ಅಂತ ಯಾರಾದ್ರೂ ಕೇಳಿದ್ರೆ ಅದೇ ಥ್ರೆಡ್, ಅಂದ್ರೆ ಆ ವಿಷಯದ ಮೇಲ್‌ಗಳ ಸರಣಿ, ತೆಗೆದು ತೋರಿಸಬೇಕಾಗುತ್ತೆ.

ಈ ಎರಡನ್ನೂ ಒಂದೇ ಇನ್‌ಬಾಕ್ಸ್‌ಗೆ ಸುರಿದ್ರೆ ಎರಡೂ ಕಡೆಯವರಿಗೆ ನಷ್ಟ. ಡೆವಲಪರ್‌ಗೆ ಥ್ರೆಡ್ ಹಿಡಿಯೋಕೇ ಆಗಲ್ಲ, ಹಾಗಾಗಿ ಒಳ್ಳೊಳ್ಳೆಯವರೇ ಮೊದಲು ಸದ್ದಿಲ್ಲದೆ ಲಿಸ್ಟ್ ಬಿಟ್ಟು ಹೋಗ್ತಾರೆ, ಹೋಗಿ ತಮ್ಮತಮ್ಮಲ್ಲೇ ಖಾಸಗಿ ಮೇಲ್‌ನಲ್ಲಿ ಮಾತಾಡ್ಕೊಳ್ತಾರೆ, ಆಗ ಎಲ್ಲರೆದುರು ನಡೀಬೇಕಾದ ಮಾತು ಮುಚ್ಚಿದ ಬಾಗಿಲ ಹಿಂದೆ ಸರಿಯುತ್ತೆ. ಬಳಸೋರಿಗೋ, ಪಾಸ್‌ವರ್ಡ್ ರಿಸೆಟ್ ಮಾಡೋದು ಹೇಗೆ ಅಂತ ಕೇಳೋಕೆ ಬಂದ್ರೆ ಮೇಲೊಂದು ಕೆಳಗೊಂದು ಇನ್ನೂರು ಸಾಲಿನ ಕೋಡು, ನಂದು ತೀರಾ ಸಣ್ಣ ಪ್ರಶ್ನೆ, ಕೇಳಿದ್ರೆ ಏನಂದ್ಕೊಳ್ತಾರೋ ಅಂತ ಬಾಯಿ ಮುಚ್ಕೊಂಡು ಹೋಗ್ತಾರೆ. ನನ್ನ ಕೇಳಿದ್ರೆ ಎರಡನೇದು ಹೆಚ್ಚಿನ ನಷ್ಟ. ಯಾಕಂದ್ರೆ ಬಿಟ್ಟು ಹೋದ ಡೆವಲಪರ್ ಯಾರು ಅಂತ ನಾಲ್ಕು ಜನಕ್ಕೆ ಗೊತ್ತಾಗುತ್ತೆ, ಕೇಳದೇ ಹೋದವರ ಲೆಕ್ಕ ಯಾರ ಹತ್ರವೂ ಇರಲ್ಲ.

ಇದೆಲ್ಲ ಇವತ್ತಿನ ಕಥೆ ಅಲ್ಲ. 1991ರ ಆಗಸ್ಟ್ 25ಕ್ಕೆ ಲಿನಸ್ ಟೋರ್ವಾಲ್ಡ್ಸ್ ಒಂದು ಆಪರೇಟಿಂಗ್ ಸಿಸ್ಟಂ ಬರೀತಿದೀನಿ, ಹವ್ಯಾಸಕ್ಕೆ ಅಷ್ಟೇ ಅಂತ ಮೊದಲು ಹೇಳ್ಕೊಂಡಿದ್ದು ಯೂಸ್‌ನೆಟ್ ಅನ್ನೋ ಆಗಿನ ಚರ್ಚಾ ಜಾಲದಲ್ಲಿ, ಮಿನಿಕ್ಸ್ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಂನ ಗುಂಪಿನಲ್ಲಿ, ಅದು ಬೇರೆಯವರ ಮನೆ. ಲಿನಕ್ಸ್ ಮಾತು ಜಾಸ್ತಿಯಾಗ್ತಾ ಆಗ್ತಾ ಮಿನಿಕ್ಸ್ ಬಳಸೋರಿಗೆ ಕಿರಿಕಿರಿ ಶುರುವಾಯ್ತು, 1992ರಲ್ಲಿ ಲಿನಕ್ಸ್‌ಗೇ ಅಂತ ಬೇರೆ ಗುಂಪು ಆಯ್ತು. ಆಮೇಲೆ ಅದೂ ಹಿಡೀಲಿಲ್ಲ, ಸಹಾಯಕ್ಕೊಂದು, ಡೆವಲಪ್‌ಮೆಂಟ್‌ಗೊಂದು, ಪ್ರಕಟಣೆಗೊಂದು ಅಂತ ಕವಲು ಹೊಡೀತು. ಕರ್ನಲ್, ಅಂದ್ರೆ ಲಿನಕ್ಸ್‌ನ ತಿರುಳು, ಬರೆಯೋರಿಗೆ ಮೇಲಿಂಗ್ ಲಿಸ್ಟ್ ಬೇರೆ ಆಯ್ತು, ಇವತ್ತು ಅದರಲ್ಲಿ ದಿನಕ್ಕೆ ನೂರಾರು ಮೇಲ್ ಬರುತ್ತೆ, ಅಷ್ಟನ್ನೂ ಪೂರ್ತಿ ಓದೋರು ಯಾರೂ ಇರಲಿಕ್ಕಿಲ್ಲ. ಅದಕ್ಕೇ ನೆಟ್‌ವರ್ಕಿಂಗ್‌ಗೆ, ಮೆಮೊರಿಗೆ, ಒಂದೊಂದು ಡ್ರೈವರ್ ಗುಂಪಿಗೆ ಅಂತ ಒಳಗೊಳಗೇ ಲಿಸ್ಟುಗಳಿದಾವೆ, ಕರ್ನಲ್ ಕೋಡ್ ಜೊತೆಗೇ ಒಂದು ಸ್ಕ್ರಿಪ್ಟ್ ಕೊಟ್ಟಿರ್ತಾರೆ, ನೀವು ಮುಟ್ಟಿದ ಫೈಲಿಗೆ ಯಾರು ಮೇಂಟೇನರ್, ಅಂದ್ರೆ ಅದನ್ನ ನೋಡ್ಕೊಳ್ಳೋರು, ಯಾವ ಲಿಸ್ಟಿಗೆ ಕಳಿಸಬೇಕು ಅಂತ ಅದೇ ಹೇಳಿಬಿಡುತ್ತೆ.

ಈಗ ಯಾವ ದೊಡ್ಡ ಪ್ರಾಜೆಕ್ಟ್ ನೋಡಿದ್ರೂ ಈ ಒಡಕು ಕಾಣುತ್ತೆ, ಹೆಸರು ಮಾತ್ರ ಬೇರೆಬೇರೆ. ಡೆಬಿಯನ್ ಅನ್ನೋದು ಒಂದು ಡಿಸ್ಟ್ರೋ, ಅಂದ್ರೆ ಲಿನಕ್ಸ್ ಜೊತೆ ಬೇಕಾದ ಸಾಫ್ಟ್‌ವೇರ್ ಎಲ್ಲ ಜೋಡಿಸಿ ಕೊಡೋದು, ಅಲ್ಲಿ ಡೆಬಿಯನ್-ಯೂಸರ್, ಡೆಬಿಯನ್-ಡೆವೆಲ್. ಅಂಕಿಅಂಶದವರ ಆರ್ ಭಾಷೆಗೆ ಆರ್-ಹೆಲ್ಪ್, ಆರ್-ಡೆವೆಲ್. ಓಪನ್‌ಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಂನಲ್ಲಿ ಮಿಸ್ಕ್ ಮತ್ತು ಟೆಕ್. ಉಬುಂಟು ಅನ್ನೋ ಇನ್ನೊಂದು ಡಿಸ್ಟ್ರೋದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ, ಉಬುಂಟು-ಡೆವೆಲ್‌ಗೆ ಡೆವಲಪರ್ ಅಲ್ಲದವರು ಬರೆದ್ರೆ ಮಾಡರೇಟರ್ ನೋಡಿದ್ಮೇಲಷ್ಟೇ ಹೋಗುತ್ತೆ, ಹೊರಗಿನವರೂ ಸೇರಿ ಡೆವಲಪ್‌ಮೆಂಟ್ ಬಗ್ಗೆ ಚರ್ಚೆ ಮಾಡೋಕೆ ಡಿಸ್ಕಸ್ ಅಂತ ಬೇರೆ ಲಿಸ್ಟ್ ಇದೆ. ರಸ್ಟ್ ಭಾಷೆಯವರು ಎರಡು ಫೋರಂ ಇಟ್ಟಿದಾರೆ, ಒಂದು ಯೂಸರ್ಸ್, ಇನ್ನೊಂದಕ್ಕೆ ಡೆವಲಪರ್ಸ್ ಅಂತ ಇಡದೆ ಇಂಟರ್ನಲ್ಸ್ ಅಂತ ಇಟ್ಟಿದಾರೆ, ಇದು ನನಗೆ ಬಹಳ ಹಿಡಿಸಿದ್ದು. ರಸ್ಟ್‌ನಲ್ಲಿ ಪ್ರೋಗ್ರಾಂ ಬರೆಯೋ ಪ್ರತಿಯೊಬ್ಬರೂ ಡೆವಲಪರ್ರೇ ಅಲ್ವಾ, ಬೋರ್ಡಿನ ಮೇಲೆ ಹಾಗೆ ಬರೆದ್ರೆ ಎಲ್ಲರೂ ಅಲ್ಲಿಗೇ ನುಗ್ತಾರೆ. ಯಾರು ಬರಬೇಕು ಅಂತ ಬರೆಯೋದಕ್ಕಿಂತ ಎಂತ ಮಾತಾಡ್ತೀವಿ ಅಂತ ಬರೆಯೋದು ಮೇಲು.

ನಮ್ಮ ಕಡೆ ಯಕ್ಷಗಾನದ ಚೌಕಿ, ಅಂದ್ರೆ ವೇಷ ಕಟ್ಟೋ ಜಾಗ, ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಚೌಕಿಗೆ ಬೀಗ ಹಾಕಿರಲ್ಲ, ಯಾರು ಬೇಕಾದ್ರೂ ಹೋಗಿ ಬಣ್ಣ ಹಚ್ಚೋದು, ಕೇದಿಗೆ ಮುಂದಲೆ ಕಟ್ಟೋದು ನಿಂತು ನೋಡಬಹುದು, ಮಕ್ಕಳು ಇಡೀ ರಾತ್ರಿ ಅಲ್ಲೇ ಇಣುಕ್ತಿರ್ತಾರೆ. ಆದ್ರೆ ಮುಂದಲೆ ಕಟ್ಟಿಸ್ಕೊಳ್ತಿರೋ ಕಲಾವಿದರ ಹತ್ರ ಹೋಗಿ ಇವತ್ತಿನ ಪ್ರಸಂಗ ಯಾವುದು, ನಮ್ಮೂರಿಗೆ ಲಾಸ್ಟ್ ಬಸ್ ಎಷ್ಟೊತ್ತಿಗೆ ಅಂತ ಯಾರೂ ಕೇಳಲ್ಲ. ಡೆವಲಪರ್ ಲಿಸ್ಟ್ ಅಂದ್ರೆ ಹೆಚ್ಚುಕಮ್ಮಿ ಅದೇ ರೀತಿ, ಓದೋಕೆ ಎಲ್ಲರಿಗೂ ತೆರೆದಿರುತ್ತೆ, ಮಾತಾಡೋಕೆ ಮಾತ್ರ ಕೈಯಲ್ಲಿರೋ ಕೆಲಸದ ವಿಷಯ ಇರಬೇಕು.

ಸರಿ, ಪ್ರಶ್ನೆ ಒಂದು ಕಡೆ, ಕೋಡ್ ಇನ್ನೊಂದು ಕಡೆ ಅಂದ್ರೆ ಮುಗೀತಾ? ಇಲ್ಲ, ನಡುವೆ ಮೂರನೇದೊಂದು ಇದೆ, ಬಗ್ ಟ್ರ್ಯಾಕರ್, ಅಂದ್ರೆ ಸಾಫ್ಟ್‌ವೇರಿನ ದೋಷಗಳನ್ನ ನಂಬರ್ ಹಾಕಿ ಬರೆದಿಡೋ ಜಾಗ. ನಿಜವಾದ ಗೊಂದಲ ಇಲ್ಲೇ. ಕೆಟ್ಟಿರೋದು ಸಾಫ್ಟ್‌ವೇರೋ ಅಥವಾ ನಾವು ಅದನ್ನ ಹೊಂದಿಸಿರೋ ರೀತಿಯೋ ಅನ್ನೋದು ಬಳಸೋರಿಗೆ ಮೊದಲೇ ಗೊತ್ತಿರೋಕೆ ಸಾಧ್ಯ ಇಲ್ಲ. ಕೊಹಾದಲ್ಲೇ ಒಂದು ಉದಾಹರಣೆ ಹೇಳ್ತೀನಿ. ಇಂಗ್ಲಿಷ್ ಪುಸ್ತಕ ಹುಡುಕಿದ್ರೆ ಬರುತ್ತೆ, ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದ್ರೆ ಸರಿಯಾಗಿ ಬರಲ್ಲ. ಯಾರಿಗಾದ್ರೂ ಇದು ಬಗ್ಗೇ ಅನ್ಸುತ್ತೆ, ಕನ್ನಡಕ್ಕೆ ಸಪೋರ್ಟೇ ಇಲ್ಲ ಅಂತ ಸಿಟ್ಟೂ ಬರುತ್ತೆ. ಆದ್ರೆ ಮೊದಲು ನೋಡಬೇಕಾದ ಜಾಗ ಬೇರೆ. ಕೊಹಾ ಹುಡುಕಾಟಕ್ಕೆ ಸಾಮಾನ್ಯವಾಗಿ ಝೀಬ್ರಾ ಅನ್ನೋ ಇಂಡೆಕ್ಸಿಂಗ್ ಎಂಜಿನ್, ಅಂದ್ರೆ ಪದಗಳ ಪಟ್ಟಿ ಮಾಡಿಡೋ ಸಲಕರಣೆ, ಬಳಸುತ್ತೆ, ಅದಕ್ಕೆ ಪದಗಳನ್ನ ಒಡೆಯೋಕೆ ಎರಡು ವಿಧಾನ, ಹಳೇದು ಲ್ಯಾಟಿನ್ ಅಕ್ಷರ ಮನಸ್ಸಿನಲ್ಲಿ ಇಟ್ಕೊಂಡು ಮಾಡಿದ ಸಿಎಚ್‌ಆರ್ ಪಟ್ಟಿ, ಇನ್ನೊಂದು ಯೂನಿಕೋಡ್ ಲಿಪಿಗಳೆಲ್ಲ ಗೊತ್ತಿರೋ ಐಸಿಯು. ಅದನ್ನ ಐಸಿಯುಗೆ ಬದಲಾಯಿಸಿ ಇಂಡೆಕ್ಸ್ ಪೂರ್ತಿ ಹೊಸದಾಗಿ ಕಟ್ಟಿಸಬೇಕು. ಮೊದಲು ಹೇಳಿದ್ನಲ್ಲ ಕರೆಂಟು ಹೋದ ಕೇಸು, ಅದಕ್ಕೂ ಬಹಳ ಸಲ ಇಂಡೆಕ್ಸ್ ಹೊಸದಾಗಿ ಕಟ್ಟಿಸೋದೇ ಮದ್ದು. ಎರಡಕ್ಕೂ ಡೆವಲಪರ್ ಬೇಡ, ಇದೇ ಕಷ್ಟ ಪಟ್ಟು ದಾಟಿದ ಇನ್ನೊಬ್ಬ ಲೈಬ್ರೆರಿಯವರು ಸಾಕು, ಅವರು ಸಿಗೋದು ಜನರಲ್ ಲಿಸ್ಟಿನಲ್ಲೇ, ಯಾಕಂದ್ರೆ ಕೋಡ್ ಬರೆಯೋ ಮನುಷ್ಯ ಕನ್ನಡ ಪುಸ್ತಕ ಇರೋ ಲೈಬ್ರೆರಿ ನಡೆಸಿರಲ್ಲ.

ಇನ್ನೊಂದು ಕೇಸು ನೋಡಿ, ಇದು ಸ್ವಲ್ಪ ಸಿಕ್ಕು. ಕಡತ ಟೈಪ್ ಮಾಡೋ ಲಿಬ್ರೆಆಫೀಸ್‌ನಲ್ಲಿ ಒಂದು ಪದದ ಅರ್ಕಾವೊತ್ತು ತಪ್ಪು ಜಾಗಕ್ಕೆ ಹೋಗಿ ಕೂತಿದೆ. ಯಾರದ್ದು ತಪ್ಪು? ಫಾಂಟ್ ಮಾಡಿದವರದ್ದು ಇರಬಹುದು. ಅಕ್ಷರಗಳನ್ನ ಜೋಡಿಸಿ ಒತ್ತು ಕೂರಿಸೋ ಹಾರ್ಫ್‌ಬಜ್ ಅನ್ನೋ ಲೈಬ್ರೆರಿದಿರಬಹುದು, ಲಿಬ್ರೆಆಫೀಸ್ 2017ರ 5.3 ಆವೃತ್ತಿಯಿಂದ ಎಲ್ಲ ಕಡೆ ಅದನ್ನೇ ಬಳಸುತ್ತೆ. ಲಿಬ್ರೆಆಫೀಸ್‌ದೇ ಇರಬಹುದು. ಅಥವಾ ನಮ್ಮ ಡಿಸ್ಟ್ರೋದವರು ಹಳೇ ಆವೃತ್ತಿ ಕೊಟ್ಟಿರಬಹುದು. ನಾಲ್ಕು ಪ್ರಾಜೆಕ್ಟು, ನಾಲ್ಕು ಬಗ್ ಟ್ರ್ಯಾಕರ್ರು, ನಾಲ್ಕು ಡೆವಲಪರ್ ಗುಂಪು. ನೇರವಾಗಿ ಎಲ್ಲೋ ಒಂದು ಕಡೆ ಬಗ್ ಹಾಕಿದ್ರೆ ನಮ್ಮದಲ್ಲ ಅಂತ ಮುಚ್ಚಿಬಿಡೋ ಸಾಧ್ಯತೆನೇ ಹೆಚ್ಚು. ಮೊದಲು ಬಳಸೋರ ಫೋರಂನಲ್ಲಿ ಹಾಕಿದ್ರೆ ಇನ್ಯಾರೋ ಅದೇ ಪದವನ್ನ ಬೇರೆ ಫಾಂಟ್‌ನಲ್ಲಿ ಟೈಪ್ ಮಾಡಿ ನೋಡ್ತಾರೆ. ಒಂದೇ ಫಾಂಟ್‌ನಲ್ಲಿ ತಪ್ಪು ಬಂದ್ರೆ ಅನುಮಾನ ಫಾಂಟ್ ಮೇಲೆ, ಎಲ್ಲದರಲ್ಲೂ ಬಂದ್ರೆ ಜೋಡಣೆ ಮೇಲೆ, ಬ್ರೌಸರ್‌ನಲ್ಲಿ ಸರಿ ಬಂದು ಇಲ್ಲಿ ಮಾತ್ರ ಕೆಟ್ರೆ ಲಿಬ್ರೆಆಫೀಸ್ ಕಡೆಗೆ ಕೈ ತೋರಿಸಬಹುದು. ಹೀಗೆ ಜರಡಿ ಆಡಿ ಆದ್ಮೇಲೆ ಹಾಕೋ ಬಗ್ ರಿಪೋರ್ಟನ್ನ ಯಾವ ಡೆವಲಪರ್ರೂ ತಳ್ಳಿಹಾಕಲ್ಲ. ಯೂಸರ್ ಫೋರಂ ಅಂದ್ರೆ ದಡ್ಡರ ಕ್ಲಾಸು ಅಂತ ತಿಳ್ಕೊಂಡಿರೋರು ಇದಾರಲ್ಲ, ಅಂಥವರು ಈ ಕೆಲಸ ಒಂದು ವಾರ ಮಾಡಿ ನೋಡಬೇಕು.

ಇಲ್ಲಿವರೆಗೆ ಓದಿದವರಿಗೆ ಒಡೆಯೋದೇ ಒಳ್ಳೇದು ಅನ್ನಿಸಿರಬಹುದು. ನಿಲ್ಲಿ, ಅದರ ಕೇಡೂ ಇದೆ. ಬೇರೆ ಮಾಡಬೇಕಾಗಿರೋದು ಮಾತನ್ನ. ಆದ್ರೆ ಹಾಗೆ ಮಾಡೋಕೆ ಹೋಗಿ ಜನಾನೇ ಬೇರೆ ಮಾಡಿಬಿಡ್ತಾರೆ, ಇವರು ಬಳಸೋ ಜಾತಿ, ಅವರು ಬರೆಯೋ ಜಾತಿ ಅಂತ. 2024ರ ಮಾರ್ಚ್‌ನಲ್ಲಿ ನಡೆದ ಎಕ್ಸ್‌ಝಡ್ ಪ್ರಕರಣ ನೆನಪಿದ್ಯಾ? ಫೈಲ್ ಕುಗ್ಗಿಸೋ ಒಂದು ಸಣ್ಣ ಸಾಫ್ಟ್‌ವೇರ್, ಲಿನಕ್ಸ್ ಇರೋ ಕಡೆಯೆಲ್ಲ ಇರುತ್ತೆ, ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕದ್ದು ಒಳಗೆ ನುಗ್ಗೋಕೆ ಹಿಂಬಾಗಿಲು ಇಟ್ಟಿದ್ರು. ಕಂಡುಹಿಡಿದದ್ದು ಆಂಡ್ರೆಸ್ ಫ್ರಾಯಂಡ್. ಅವರು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್, ಎಕ್ಸ್‌ಝಡ್‌ನ ಮಟ್ಟಿಗೆ ಬರೀ ಬಳಕೆದಾರ. ತಮ್ಮ ಕೆಲಸದಲ್ಲಿ ಎಸ್‌ಎಸ್‌ಎಚ್, ಅಂದ್ರೆ ದೂರದ ಕಂಪ್ಯೂಟರಿಗೆ ಹೋಗೋ ಲಾಗಿನ್, ಅರ್ಧ ಸೆಕೆಂಡ್ ನಿಧಾನ ಆಗ್ತಿದೆ ಅಂತ ಗಮನಿಸಿ, ಬೆನ್ನು ಹತ್ತಿ, ಮಾರ್ಚ್ 29ಕ್ಕೆ ಎಲ್ಲರಿಗೂ ತಿಳಿಯೋ ಹಾಗೆ ಬರೆದ್ರು. ಒಂದು ಮನೆಯಲ್ಲಿ ಯಜಮಾನ ಆದವನು ಇನ್ನೊಂದು ಮನೆಗೆ ನೆಂಟ, ಯಾರನ್ನ ಯಾವ ಜಾತಿಗೆ ಸೇರಿಸ್ತೀರಿ?

ಅದೇ ಪ್ರಕರಣಕ್ಕೆ ಇನ್ನೊಂದು ಮುಖ ಇದೆ, ಅದು ನಮ್ಮ ವಿಷಯಕ್ಕೆ ಇನ್ನೂ ಹತ್ರ. ಎರಡು ವರ್ಷ ಮೊದಲು, 2022ರಲ್ಲಿ, ಎಕ್ಸ್‌ಝಡ್‌ನ ಡೆವಲಪರ್ ಲಿಸ್ಟಿನಲ್ಲಿ ಕೆಲವು ಹೆಸರುಗಳು ಕಾಣಿಸ್ಕೊಂಡು, ಪ್ಯಾಚ್ ಇನ್ನೂ ಯಾಕೆ ಸೇರಿಸಿಲ್ಲ, ಪ್ರಾಜೆಕ್ಟ್ ಸತ್ತು ಹೋಗಿದ್ಯಾ, ಬೇರೆಯವರಿಗೆ ಬಿಟ್ಟುಕೊಡಿ ಅಂತ ಒತ್ತಡ ಹಾಕಿದ್ವು. ಮೇಂಟೇನರ್ ಒಬ್ಬರೇ ಇದ್ದಿದ್ದು, ಸಂಬಳ ಇಲ್ಲದ ಹವ್ಯಾಸದ ಕೆಲಸ, ಮನಸ್ಸಿನ ಆರೋಗ್ಯವೂ ಸರಿ ಇಲ್ಲ ಅಂತ ಅವರು ಅಲ್ಲೇ ಬರೆದಿದ್ರು. ಆಮೇಲೆ ಹಿಂಬಾಗಿಲು ಇಟ್ಟ ವ್ಯಕ್ತಿ ಒಳಗೆ ಸೇರ್ಕೊಂಡಿದ್ದು ಆ ಒತ್ತಡದ ನೆರಳಿನಲ್ಲೇ, ಒತ್ತಡ ಹಾಕಿದ ಹೆಸರುಗಳೂ ನಕಲಿ ಅನ್ನೋದು ಹೆಚ್ಚಿನವರ ಅನುಮಾನ. ಬಳಕೆದಾರರ ವೇಷದಲ್ಲಿ ಬಂದು ಒಬ್ಬ ಮನುಷ್ಯನ ಮೇಲೆ ಹೊರೆ ಹಾಕೋಕೆ ಎಷ್ಟು ಸುಲಭ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಜಾಗ ಒಡೆದಿದ್ರೆ ಇದು ತಪ್ತಿತ್ತಾ? ನಂಗೇನೋ ಅನುಮಾನ, ಯಾಕಂದ್ರೆ ಒಬ್ಬರೇ ಇರೋ ಕಡೆ ಎರಡು ರೂಮ್ ಮಾಡಿದ್ರೂ ಎರಡರಲ್ಲೂ ಕೂರಬೇಕಾದವರು ಅದೇ ಒಬ್ಬರು. ಮಧ್ಯದಲ್ಲಿ ನಿಂತು ಸ್ವಾಮಿ ಸ್ವಲ್ಪ ತಡ್ಕೊಳ್ಳಿ ಅನ್ನೋ ಎರಡನೇ ಮನುಷ್ಯ ಬೇಕಿತ್ತು.

ಒಡೆದ ಮಾತ್ರಕ್ಕೆ ಗಲಾಟೆ ನಿಲ್ಲಲ್ಲ ಅನ್ನೋದಕ್ಕೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಇದೆ. ಅಲ್ಲಿ ಸಹಾಯಕ್ಕೆ ಬೇರೆ, ಕೋರ್ ಕೆಲಸಕ್ಕೆ ಪೈಥಾನ್-ಡೆವ್, ಹೊಸ ಐಡಿಯಾ ಹೇಳೋರಿಗೆ ಪೈಥಾನ್-ಐಡಿಯಾಸ್ ಅಂತ ಚೆನ್ನಾಗೇ ಬೇರೆ ಮಾಡಿದ್ರು. ಆದ್ರೂ ಭಾಷೆಗೆ ಒಂದು ಸಣ್ಣ ಚಿಹ್ನೆ ಸೇರಿಸೋ ಪೆಪ್ 572 ಅನ್ನೋ ಪ್ರಸ್ತಾಪಕ್ಕೆ ಎರಡೂ ಕಡೆ ಜಗಳ ಎಷ್ಟು ಬೆಳೀತು ಅಂದ್ರೆ ಪೈಥಾನ್ ಹುಟ್ಟಿಸಿದ ಗೀಡೋ ವಾನ್ ರೋಸಮ್ 2018ರ ಜುಲೈನಲ್ಲಿ ಸಾಕಪ್ಪಾ ಅಂತ ಕೊನೇ ಮಾತು ಹೇಳೋ ಸ್ಥಾನವನ್ನೇ ಬಿಟ್ಟು ಎದ್ರು.

ಹಾಗಾದ್ರೆ ಒಡೆದ್ಮೇಲೂ ಆ ಕಡೆ ಈ ಕಡೆ ಓಡಾಡೋ ದಾರಿ ಇಟ್ಟಿರೋರು ಯಾರು? ಪೋಸ್ಟ್‌ಗ್ರೆಸ್‌ನವರು. ಅಲ್ಲಿ ಪಿಜಿಎಸ್‌ಕ್ಯೂಎಲ್-ಜನರಲ್ ಬಳಸೋರಿಗೆ, ಪಿಜಿಎಸ್‌ಕ್ಯೂಎಲ್-ಹ್ಯಾಕರ್ಸ್ ಬರೆಯೋರಿಗೆ, ಹೊಸಬರಿಗೆ ನಾವಿಸ್ ಅಂತ ಬೇರೆ ಲಿಸ್ಟೂ ಇದೆ, ಆದ್ರೆ ಟಾಮ್ ಲೇನ್ ಥರದ ಹಳೇ ತಲೆಗಳೇ ಜನರಲ್‌ಗೆ ಬಂದು ಸಾಮಾನ್ಯ ಪ್ರಶ್ನೆಗಳಿಗೆ ಉತ್ತರ ಬರೀತಾರೆ. ಇನ್ನೂ ಮಜಾ ಅಂದ್ರೆ ಅವರಲ್ಲಿ ಬಗ್ ಟ್ರ್ಯಾಕರ್ರೇ ಇಲ್ಲ, ಬಗ್ ಅಂತ ಫಾರಂ ತುಂಬಿದ್ರೆ ಅದೂ ಒಂದು ನಂಬರ್ ಹಚ್ಕೊಂಡು ಇನ್ನೊಂದು ಮೇಲಿಂಗ್ ಲಿಸ್ಟಿಗೇ ಹೋಗುತ್ತೆ. ಕರ್ನಲ್‌ನವರು ಬೇರೆ ಥರ ಮಾಡಿದಾರೆ. ಅಲ್ಲಿ ಡಿಸ್ಟ್ರೋ ಕೊಟ್ಟ ಕರ್ನಲ್ ಬಗ್ಗೆ ಕೇಳೋಕೆ ಹೋದ್ರೆ ಮೊದಲು ಡಿಸ್ಟ್ರೋದವರ ಹತ್ರ ಹೋಗಿ ಅಂತಾರೆ, ಆದ್ರೆ ನಿನ್ನೆವರೆಗೆ ಸರಿ ಇದ್ದಿದ್ದು ಹೊಸ ಆವೃತ್ತಿಯಲ್ಲಿ ಕೆಟ್ಟಿದೆ ಅಂದ್ರೆ ಮಾತೇ ಬೇರೆ, ಅದನ್ನ ರಿಗ್ರೆಶನ್ ಅಂತಾರೆ, ಅದಕ್ಕೇ ಬೇರೆ ಲಿಸ್ಟ್ ಇದೆ, ಯಾವುದು ಬಗೆಹರೀತು ಯಾವುದು ಇಲ್ಲ ಅಂತ ಬೆನ್ನು ಬಿಡದೆ ನೋಡೋ ವ್ಯವಸ್ಥೆ ಇದೆ. ಬಳಸೋರ ಪ್ರೋಗ್ರಾಂ ಕೆಡಿಸಬಾರದು ಅನ್ನೋದು ಟೋರ್ವಾಲ್ಡ್ಸ್ ಬಿಗಿಯಾಗಿ ಹಿಡಿದಿರೋ ನಿಯಮ. ಅಂದ್ರೆ ಗೇಟು ಭದ್ರವಾಗಿದೆ, ಈ ಒಂದು ದೂರಿಗೆ ಮಾತ್ರ ಸದಾ ತೆರೆದಿದೆ.

ನನಗೆ ಎಲ್ಲಕ್ಕಿಂತ ಚಂದ ಅನ್ಸಿದ್ದು ಮತ್ತೆ ಕೊಹಾದವರ ಪದ್ಧತಿಯೇ. ಅಲ್ಲಿ ಒಂದು ಪ್ಯಾಚ್ ಬಂದ್ರೆ ಸುಮ್ನೆ ಒಳಗೆ ಹೋಗಲ್ಲ. ಬರೆದವರಲ್ಲದೆ ಇನ್ನೊಬ್ಬರು ಅದನ್ನ ಓಡಿಸಿ ನೋಡಿ ಸರಿ ಇದೆ ಅಂತ ಸೈನ್ ಆಫ್ ಮಾಡಬೇಕು, ಆಮೇಲೆ ಗುಣಮಟ್ಟ ಪರೀಕ್ಷಿಸೋ ಕ್ಯೂಎ ತಂಡ ನೋಡಬೇಕು, ಆಮೇಲೆ ರಿಲೀಸ್ ನೋಡ್ಕೊಳ್ಳೋರು ಸೇರಿಸ್ತಾರೆ. ಆ ಇನ್ನೊಬ್ಬರು ಪ್ರೋಗ್ರಾಮರ್ ಆಗಿರಬೇಕು ಅಂತ ಎಲ್ಲೂ ಇಲ್ಲ. ಸ್ಯಾಂಡ್‌ಬಾಕ್ಸ್ ಅಂತ ಇಟ್ಟಿದಾರೆ, ಬಗ್ ನಂಬರ್ ಕೊಟ್ರೆ ಆ ಪ್ಯಾಚ್ ಹಾಕಿರೋ ಒಂದು ತಾತ್ಕಾಲಿಕ ಕೊಹಾ ಬ್ರೌಸರ್‌ನಲ್ಲೇ ತೆರ್ಕೊಳ್ಳುತ್ತೆ, ಕೊಹಾ ಬರೆದಿರೋ ಪರ್ಲ್ ಭಾಷೆಯ ಒಂದಕ್ಷರ ಬರದೇ ಇದ್ರೂ ಲೈಬ್ರೆರಿಯನ್ ಕೂತು ಪುಸ್ತಕ ಇಶ್ಯೂ ಮಾಡಿ, ವಾಪಸ್ ತಗೊಂಡು, ದಂಡ ಹಾಕಿ ನೋಡಿ, ಸರಿ ಬಂತು ಅಂತ ಸೈನ್ ಆಫ್ ಮಾಡಬಹುದು. ತೀರ್ಥಹಳ್ಳಿಯಲ್ಲಿ ಕೂತವರೂ ಮಾಡಬಹುದು. ದಂಡದ ಲೆಕ್ಕ ನಿಜವಾಗಿ ಹೇಗೆ ನಡೆಯುತ್ತೆ ಅಂತ ಕೌಂಟರ್‌ನಲ್ಲಿ ಕೂತವರಿಗೆ ಗೊತ್ತಿರೋವಷ್ಟು ಬೇರೆ ಯಾರಿಗೆ ಗೊತ್ತಿರುತ್ತೆ ಹೇಳಿ.

ಈಗ ಸಣ್ಣ ಪ್ರಾಜೆಕ್ಟ್‌ಗಳ ಮಾತು, ನಮ್ಮ ಕನ್ನಡದ ಕೆಲಸಗಳೆಲ್ಲ ಹೆಚ್ಚಾಗಿ ಇದೇ ಸೈಜು. ಒಂದು ಫಾಂಟು, ಒಂದು ಕೀಬೋರ್ಡ್ ಲೇಔಟು, ಕಾಗುಣಿತ ತಿದ್ದೋ ಒಂದು ಸಲಕರಣೆ, ಕೆಲಸ ಮಾಡೋರು ಮೂರು ಜನ, ಪ್ರಶ್ನೆ ಕೇಳೋರು ಮೂವತ್ತು. ದೊಡ್ಡವರನ್ನ ನೋಡಿ ಮೊದಲ ದಿನವೇ ಯೂಸರ್ ಗುಂಪು, ಡೆವಲಪರ್ ಗುಂಪು, ಐಡಿಯಾ ಗುಂಪು ಅಂತ ಮೂರು ಬೋರ್ಡ್ ಹಾಕ್ತಾರೆ, ಮೂರರಲ್ಲೂ ನೊಣ ಹೊಡೀತಿರ್ತಾರೆ. ಬಂದವರು ಕೊನೇ ಮೆಸೇಜ್ ಹೋದ ವರ್ಷದ್ದು ಅಂತ ನೋಡಿ ಪ್ರಾಜೆಕ್ಟ್ ಮುಚ್ಚಿದೆ ಅಂದ್ಕೊಂಡು ಹೋಗ್ತಾರೆ. ಓಪನ್ ಸೋರ್ಸ್ ಕೆಲಸಗಳಿಗೆ ಆಸರೆ ಕೊಡೋ ಅಪಾಚೆ ಫೌಂಡೇಶನ್‌ಗೆ ಹೊಸದಾಗಿ ಸೇರೋ ಪ್ರಾಜೆಕ್ಟ್‌ಗಳಿಗೂ ಅವರು ಕೊಡೋ ಸಲಹೆ ಇದೇ ರೀತಿದು, ಡೆವ್ ಲಿಸ್ಟ್ ಒಂದರಿಂದ ಶುರು ಮಾಡಿ, ಯೂಸರ್ ಲಿಸ್ಟ್ ಬೇಕು ಅನ್ನೋವಷ್ಟು ಜನ ಬಂದ್ಮೇಲೆ ನೋಡೋಣ ಅಂತ. ಇನ್ನು ಕೋಡಿನ ಬದಲಾವಣೆಗಳ ಲೆಕ್ಕ ಇಡೋ ಗಿಟ್ ಅಂದ್ರೆ ಸಣ್ಣದೇನಲ್ಲ, 2005ರಿಂದ ಇದೆ, ಪ್ರಪಂಚವೆಲ್ಲ ಬಳಸುತ್ತೆ, ಆದ್ರೂ ಅದರ ಮುಖ್ಯ ಮೇಲಿಂಗ್ ಲಿಸ್ಟ್ ಇವತ್ತಿಗೂ ಒಂದೇ, ಪ್ಯಾಚ್ ಬರೋದೂ ಅಲ್ಲಿಗೇ, ಪ್ರಶ್ನೆ ಕೇಳೋದೂ ಅಲ್ಲೇ, ಸದಸ್ಯರಾಗದೆಯೂ ಬರೀಬಹುದು. ಅದು ನಡೀತಿರೋದು ಯಾಕೆ ಅಂದ್ರೆ ಗಿಟ್ ಬಗ್ಗೆ ದಿನನಿತ್ಯದ ಪ್ರಶ್ನೆಗಳೆಲ್ಲ ಬೇರೆ ವೆಬ್‌ಸೈಟ್‌ಗಳಲ್ಲೇ ಕರಗಿಹೋಗುತ್ತೆ, ಇಲ್ಲಿವರೆಗೆ ಬರೋದು ಕಡಿಮೆ. ಹೊರಗಿನವರೇ ಒಡೆದು ಕೊಟ್ಟ ಹಾಗಾಯ್ತು. ನನ್ನ ಪ್ರಕಾರ ಸಣ್ಣವರಿಗೆ ಲೆಕ್ಕ ಸರಳ, ಪ್ರಶ್ನೆಗಳ ಮಧ್ಯೆ ಪ್ಯಾಚ್ ಕಳೆದುಹೋಗೋಕೆ ಶುರುವಾದಾಗ ಒಡೀರಿ, ಅದಕ್ಕೂ ಮೊದಲು ಬೇಡ. ಈಗಂತೂ ಕೋಡ್ ಇಡೋ ಗಿಟ್‌ಹಬ್ ಅನ್ನೋ ವೆಬ್‌ಸೈಟ್‌ನಲ್ಲಿ ಇಶ್ಯೂ, ಅಂದ್ರೆ ದೂರು, ಆಗಿ ಬಂದ ಪ್ರಶ್ನೆಯನ್ನ ಒಂದೆರಡು ಕ್ಲಿಕ್ಕಿನಲ್ಲಿ ಡಿಸ್ಕಶನ್ ಕಡೆಗೆ ಸರಿಸಬಹುದು, ಬೈಯೋ ಪ್ರಮೇಯವೇ ಇಲ್ಲ.

ನಮ್ಮಂಥವರಿಗೆ ಇದೆಲ್ಲಕ್ಕಿಂತ ದೊಡ್ಡ ಗೋಡೆ ಒಂದಿದೆ, ಅದು ಭಾಷೆದು. ಡೆಬಿಯನ್‌ನಲ್ಲಿ ಬಳಸೋರ ಲಿಸ್ಟು ಜರ್ಮನ್, ಫ್ರೆಂಚ್, ಸ್ಪ್ಯಾನಿಶ್ ಭಾಷೆಗಳಲ್ಲೂ ಇದೆ, ಆದ್ರೆ ಮುಖ್ಯ ಡೆವೆಲ್ ಲಿಸ್ಟ್ ನಡೆಯೋದು ಇಂಗ್ಲಿಷಲ್ಲಿ. ಇಂಗ್ಲಿಷ್ ಓದೋಕೆ ಬಂದ್ರೂ ಬರೆಯೋಕೆ ಹಿಂಜರಿಯೋರು ನಮ್ಮಲ್ಲಿ ಎಷ್ಟು ಜನ ಇಲ್ಲ. ಕನ್ನಡ ವಿಕಿಪೀಡಿಯ ನೋಡಿದ್ರೆ ಇದಕ್ಕೊಂದು ದಾರಿ ಕಾಣುತ್ತೆ. ಅಲ್ಲಿ ಸಂಪಾದಕರು ಮಾತಾಡೋ ಪುಟದ ಹೆಸರು ಅರಳಿ ಕಟ್ಟೆ. ವಿಕಿಪೀಡಿಯ ನಡೆಸೋ ಮೀಡಿಯಾವಿಕಿ ಸಾಫ್ಟ್‌ವೇರ್ ಬರೆಯೋರು ಇರೋದು ಫ್ಯಾಬ್ರಿಕೇಟರ್ ಅನ್ನೋ ಕಡೆ, ಪೂರ್ತಿ ಇಂಗ್ಲಿಷು, ಪೂರ್ತಿ ಟೆಕ್ನಿಕಲ್ಲು. ಇವೆರಡರ ಮಧ್ಯೆ ಟೆಕ್ ನ್ಯೂಸ್ ಅಂತ ವಾರಕ್ಕೊಂದು ಪತ್ರ ಬರುತ್ತೆ, ಈ ವಾರ ಏನು ಬದಲಾಗಿದೆ, ಮುಂದೆ ಏನು ಬದಲಾಗುತ್ತೆ ಅಂತ ಕೋಡ್ ಗೊತ್ತಿಲ್ಲದವರಿಗೂ ತಿಳಿಯೋ ಹಾಗೆ ಬರೆದಿರ್ತಾರೆ, ಬೇರೆ ಬೇರೆ ಭಾಷೆಯವರು ಅದನ್ನ ಅನುವಾದ ಮಾಡ್ತಾರೆ. ಆ ಕಡೆಯಿಂದ ಈ ಕಡೆ ಸುದ್ದಿ ಬರೋದು ಹೀಗೆ. ಈ ಕಡೆಯಿಂದ ಆ ಕಡೆ ದೂರು ಹೋಗೋದಕ್ಕೆ ಮಾತ್ರ ಒಬ್ಬ ಮನುಷ್ಯನೇ ಬೇಕು, ಕಟ್ಟೆಯಲ್ಲಿ ಕನ್ನಡದಲ್ಲಿ ಬಂದ ತೊಂದರೆಯನ್ನ ಓದಿ, ತಾನೂ ಒಂದ್ಸಲ ಮಾಡಿ ನೋಡಿ, ಇಂಗ್ಲಿಷಲ್ಲಿ ಟಾಸ್ಕ್ ತೆರೆದು, ಅಲ್ಲಿ ಬಂದ ಉತ್ತರವನ್ನ ತಿರುಗಿ ಕನ್ನಡದಲ್ಲಿ ಹೇಳೋರು. ಈ ಕೆಲಸಕ್ಕೆ ಹೆಸರಿಲ್ಲ, ಕೋಡಿನ ಇತಿಹಾಸದಲ್ಲಿ ಅವರ ಸಹಿ ಇರಲ್ಲ. ಕೋಡ್ ಬರಲ್ಲ ನಾನೇನು ಮಾಡ್ಲಿ ಓಪನ್ ಸೋರ್ಸ್‌ಗೆ ಅಂತ ಕೇಳೋ ಶಿವಮೊಗ್ಗದ ಬಿಎ, ಬಿಕಾಂ ಹುಡುಗ್ರಿಗೆ ನಾನು ಹೇಳೋದು ಇದನ್ನೇ.

ವಾಟ್ಸಾಪ್ ಗುಂಪುಗಳ ಬಗ್ಗೆ ಹೇಳದಿದ್ರೆ ಮಾತು ಅರ್ಧ ಆಗುತ್ತೆ. ನಮ್ಮ ಕಡೆ ಯೂಸರ್ ಫೋರಂ ಅಂದ್ರೆ ಬಹಳ ಸಲ ಅದೇ. ಉತ್ತರ ಬೇಗ ಬರುತ್ತೆ, ಕನ್ನಡದಲ್ಲೇ ಕೇಳಬಹುದು, ಸ್ಕ್ರೀನಿನ ಫೋಟೋ ಹೊಡೆದು ಹಾಕಿದ್ರೆ ಸಾಕು, ಹಾಗಾಗಿ ಅದನ್ನ ಬೈಯೋಕೆ ನನಗೆ ಮನಸ್ಸಿಲ್ಲ. ತೊಂದರೆ ಒಂದೇ, ಅಲ್ಲಿ ಸಿಕ್ಕ ಉತ್ತರ ಗೂಗಲ್‌ಗೆ ಕಾಣಲ್ಲ, ಗುಂಪಿಗೆ ಮುಂದಿನ ವರ್ಷ ಸೇರಿದವರಿಗೂ ಸಿಗಲ್ಲ, ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತು ಹೋಗುತ್ತೆ. ಡೆವಲಪರ್ ಕಣ್ಣಿಗಂತೂ ಬೀಳೋದೇ ಇಲ್ಲ, ನೂರು ಲೈಬ್ರೆರಿಯವರು ಒಂದೇ ಕಷ್ಟ ಪಡ್ತಿದಾರೆ ಅಂತ ಅವರಿಗೆ ಗೊತ್ತಾಗೋದಾದ್ರೂ ಹೇಗೆ?

ಹಾಗಾಗಿ ಎಲ್ಲಿಗೆ ಬರೀಬೇಕು ಅನ್ನೋ ಪ್ರಶ್ನೆ ಬಂದಾಗ ನಾನು ನೋಡೋದು ಹೀಗೆ. ಹೇಗೆ ಮಾಡೋದು, ಯಾಕೆ ಹೀಗಾಯ್ತು ಅಂದ್ರೆ ಬಳಸೋರ ಜಾಗ, ಬಗ್ ಇರಬಹುದು ಅಂತ ಅನುಮಾನ ಇದ್ರೂ ಮೊದಲು ಅಲ್ಲಿಗೇ. ಆವೃತ್ತಿ ಯಾವುದು, ಏನು ಮಾಡಿದಾಗ ಆಗುತ್ತೆ, ಏನಾಗಬೇಕಿತ್ತು, ಏನಾಯ್ತು, ಲಾಗ್‌ನಲ್ಲಿ ಏನು ಬಂದಿದೆ, ಇಷ್ಟು ಬರೆದ್ರೆ ಯಾರೂ ಬೈಯಲ್ಲ. ಇದು ನಮ್ಮಲ್ಲೂ ಹೀಗೇ ಆಗುತ್ತೆ ಅಂತ ಇನ್ನೊಬ್ಬರು ಹೇಳಿದ್ರೆ ಬಗ್ ಟ್ರ್ಯಾಕರ್. ನೀವೇ ಕೋಡ್ ತಿದ್ದಿದ್ರೆ, ಅಥವಾ ಅದು ಮುಂದೆ ಹೇಗಿರಬೇಕು ಅಂತ ವಾದಿಸೋಕೆ ತಯಾರಿದ್ರೆ ಮಾತ್ರ ಡೆವಲಪರ್ ಜಾಗ. ಮೂರೂ ಕಡೆ ಒಂದೇ ಮೇಲ್ ಹಾಕೋದು ಬೇಡವೇ ಬೇಡ, ಒಬ್ಬರು ಅಲ್ಲಿ ಉತ್ತರ ಹೇಳಿರೋದು ಗೊತ್ತಿಲ್ಲದೆ ಇನ್ನೊಬ್ಬರು ಇಲ್ಲಿ ತಲೆ ಕೆಡಿಸ್ಕೊಳ್ತಿರ್ತಾರೆ. ವಾಟ್ಸಾಪ್‌ನಲ್ಲೇ ಉತ್ತರ ಸಿಕ್ಕಿದ್ರೆ ಅದನ್ನ ಎರಡು ಸಾಲಿನಲ್ಲಿ ಪಬ್ಲಿಕ್ ಲಿಸ್ಟಿಗೂ ಹಾಕಿ, ಬಗ್ ನಂಬರ್ ಸಿಕ್ಕಿದ್ರೆ ಅದನ್ನೂ ಹಳೇ ಥ್ರೆಡ್‌ಗೇ ಅಂಟಿಸಿ. ಇಂಗ್ಲಿಷ್ ವ್ಯಾಕರಣ ತಪ್ಪಿದ್ರೆ ತಪ್ಪಲಿ, ಲಿಸ್ಟಿನಲ್ಲಿರೋ ಎಷ್ಟೋ ಜನಕ್ಕೆ ಅದು ಮನೆ ಭಾಷೆ ಅಲ್ಲ.